ಕೆಳಗೆ ಬೀಳಲು ದೊಡ್ಡ ರಾಡಿನ ಲಿಖಿತ ಒಪ್ಪಿಗೆ ಕೋರಿ

ಇವರಿಂದ:
ಶ್ರೀಮತಿ ದುರ್ಗವ್ವ ಲಕ್ಷ್ಮಣ ಸಿಂಗೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಸರಕಾರಿ ಕನ್ನಡ ಹೆಣ್ಣುಮಕ್ಕಳ ಶಾಲೆ. ಒಟ್ಟು ಸೇವೆ ಮೂವತ್ತೇಳು ವರ್ಷ ನಾಲ್ಕು ತಿಂಗಳು, ಕ್ರಮವಾಗಿ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹಾಗೂ ಇಂಡಿ ತಾಲ್ಲೂಕುಗಳಲ್ಲಿ. ತಡವಾಗಿ ಹಾಜರಾದ ದಿನ ಒಂದೂ ಇಲ್ಲ.

ಇವರಿಗೆ:
ಶ್ರೀ ದೊಡ್ಡ ರಾಡ್ ಅವರು, ತೂಕ ಇಪ್ಪತ್ತು ಕಿಲೊ (ಬಿಲ್ಲೆಗಳನ್ನು ಬಿಟ್ಟು), ವಜ್ರದೇಹಿ ಜಿಮ್, ಬಸ್ ನಿಲ್ದಾಣದ ಹಿಂದೆ, ಇಂಡಿ.

ವಿಷಯ: ತಾವು ಅಗತ್ಯ ಬಿದ್ದಾಗ ಕೆಳಗೆ ಬೀಳುವುದಕ್ಕೆ ಲಿಖಿತ ಒಪ್ಪಿಗೆ ನೀಡಿ, ಆ ಮೂಲಕ ಕುಮಾರಿ ನಸ್ರೀನಳನ್ನು ತರಬೇತಿಯ ಕೆಲಸಕ್ಕೆ ಮರಳಿ ಕರೆಸಿಕೊಳ್ಳುವ ಕುರಿತು.

ಮಾನ್ಯರೇ,

ತಾವು ತುಕ್ಕಿನ ಬಾಧೆಯಿಲ್ಲದೆ, ಬಾಗದೆ, ಬಳುಕದೆ, ಎಂದಿನ ಸ್ಟ್ಯಾಂಡಿನ ಮೇಲೆ ಸುಖವಾಗಿ ವಿಶ್ರಮಿಸುತ್ತಿರುವಿರೆಂದು ನಂಬಿ, ಮೊದಲಿಗೆ ನನ್ನ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಸೇವೆಯಲ್ಲಿದ್ದಾಗ ಸೋರುವ ಚಾವಣಿಯ ಬಗ್ಗೆ ಶಿಕ್ಷಣ ಇಲಾಖೆಗೂ, ಶಾಲೆಯ ಮುಂದೆ ನಿಲ್ಲದೆ ಹೋಗುವ ಬಸ್ಸಿನ ಬಗ್ಗೆ ಡಿಪೋಗೂ, ಆಟದ ಬಯಲಿನಲ್ಲಿ ತೊಗರಿ ಒಣಹಾಕುವವರ ಬಗ್ಗೆ ಪಂಚಾಯಿತಿಗೂ ನಾನು ಬರೆದ ಪತ್ರಗಳ ನಕಲು ಒಂದು ಟ್ರಂಕಿನಷ್ಟಿವೆ. ಆದರೆ ಕಬ್ಬಿಣಕ್ಕೆ ಪತ್ರ ಬರೆಯುತ್ತಿರುವುದು ಇದೇ ಮೊದಲಾದ್ದರಿಂದ ಸಂಬೋಧನೆಯಲ್ಲಿ ಲೋಪವಾಗಿದ್ದರೆ ಮನ್ನಿಸಬೇಕು. ತಾವು ಮಾತನಾಡುವುದಿಲ್ಲ, ಇದ್ದಲ್ಲಿಂದ ಅಲುಗುವುದಿಲ್ಲ ಎಂಬ ಕಾರಣಕ್ಕೆ ನನಗೆ ತಮ್ಮ ಮೇಲೆ ಅವಿಶ್ವಾಸವೇನೂ ಇಲ್ಲ. ಮೇಲೆ ಹೇಳಿದ ಕಚೇರಿಗಳೊಡನೆ ನನಗೆ ದೀರ್ಘ ಅನುಭವವಿದೆ.

ತಮಗೇ ನೇರವಾಗಿ ಬರೆಯುವ ಧಾರ್ಷ್ಟ್ಯ ನನ್ನದಲ್ಲವೆಂಬುದನ್ನು ತಿಳಿಸಬಯಸುತ್ತೇನೆ. ಕಳೆದ ಶುಕ್ರವಾರ ನಾನು ತಮ್ಮ ಮಾಲೀಕರೂ ಜಿಮ್ಮಿನ ಮುಖ್ಯ ತರಬೇತುದಾರರೂ ಆದ ಶ್ರೀ ಸಂಜೀವಕುಮಾರ ಮೇತ್ರಿಯವರ ಬಳಿ ಹೋಗಿ, ಹೊಸಬರಿಗೆ ಭಾರವನ್ನು ಅಪಾಯವಿಲ್ಲದೆ ಕೈಬಿಡುವುದು ಹೇಗೆಂದು ಕಲಿಸಿದ ಒಂದೇ ತಪ್ಪಿಗಾಗಿ ಕೆಲಸ ಕಳೆದುಕೊಂಡ ನಸ್ರೀನಳನ್ನು ಮರಳಿ ಕರೆಯಬೇಕೆಂದು ಕೇಳಿಕೊಂಡೆ. ಅವರು ಎದ್ದು ನಿಂತು ಕೈಮುಗಿದು, "ಅಕ್ಕೋರ, ನೀವು ದೊಡ್ಡೋರು, ನಿಮ್ಮ ಮಾತು ನಾ ತಗದಹಾಕಂಗಿಲ್ಲ. ಆದ್ರ ಅದು ಪೂಜಿ ಮಾಡಿದ ಕಬ್ಬಿಣ ಐತ್ರಿ. ನೆಲಕ್ಕ ಒಗೀರಿ ಅಂತ ನಾ ಹ್ಯಾಂಗ ಹೇಳ್ಲಿ? ಬೇಕಾದ್ರ ಅದನ್ನ ಕೇಳ್ರಿ. ಅದು ಹ್ಞೂಂ ಅಂದ್ರ ನಾಳಿನ ನಸ್ರೀನನ ಕರಸ್ತೇನಿ" ಎಂದರು. ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಒಬ್ಬ ಅಧಿಕಾರಿ ತನಗಿಂತ ಮೇಲಿನವರ ಕಡೆಗೆ ಬೆರಳು ತೋರಿಸಿದರೆ ಆ ಮೇಲಿನವರಿಗೇ ಅರ್ಜಿ ಬರೆಯುವುದು ನಾನು ಕಲಿತ ಪದ್ಧತಿ.

ತಮ್ಮ ಪದವಿಯ ಬಗ್ಗೆ ನನಗೆ ಸಂಪೂರ್ಣ ಗೌರವವಿದೆ. ಹೋದ ದಸರೆಯ ಖಂಡೆಪೂಜೆಯ ದಿನ ಮೇತ್ರಿಯವರು ತಮಗೆ ಅರಿಷಿಣ ಕುಂಕುಮ ಹಚ್ಚಿ, ಎರಡು ತುದಿಗೆ ಎರಡು ಲಿಂಬೆಹಣ್ಣು ಕಟ್ಟಿ, ಇನ್ನು ಮುಂದೆ ಈ ರಾಡ್ ಯಾರ ಕೈಯಿಂದಲೂ ನೆಲಕ್ಕೆ ಬೀಳಕೂಡದು, ಇಳಿಸುವುದಾದರೆ ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಸದ್ದಾಗದೆ ಇಳಿಸಬೇಕು ಎಂದು ಗೋಡೆಗೆ ಬರೆಸಿದರು. ಬರೆಸಿದ್ದರಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು; ನಾನು ಸೀಮೆಸುಣ್ಣದಿಂದ ಸರಿಪಡಿಸಿದ್ದೇನೆ. ತಮ್ಮ ಸನ್ನಿಧಿಗೆ ಚಪ್ಪಲಿ, ಬೂಟು ಬರಬಾರದಾದ್ದರಿಂದ ಎಲ್ಲರೂ ಕಾಲುಚೀಲದಲ್ಲಿ, ಕನ್ನಡಿಯಂತೆ ನುಣುಪಾದ ಬಿಳಿಯ ಟೈಲ್ಸಿನ ಮೇಲೆ, ಆಗಷ್ಟೇ ಒಡೆದ ತೆಂಗಿನಕಾಯಿಯ ನೀರಿನಲ್ಲಿ ನಿಂತು ಭಾರ ಎತ್ತುತ್ತಾರೆ. ಬಿಲ್ಲೆಗಳು ಜಾರದಂತೆ ತುದಿಗೆ ಹಾಕುವ ಎರಡು ಕ್ಲಿಪ್ಪುಗಳಲ್ಲಿ ಒಂದು ಕಳೆದುಹೋಗಿ, ಆ ಜಾಗದಲ್ಲಿ ಈಗ ಪೂಜೆಯ ಕೆಂಪು ದಾರ ಸುತ್ತಿದೆ. ಹದಿನೈದು ಕಿಲೊದ ಬಿಲ್ಲೆಯನ್ನು ನೂಲಿನ ದಾರದಿಂದ ತಡೆದು ನಿಲ್ಲಿಸುವ ಭಕ್ತಿ ನನ್ನಂಥ ಸಾಮಾನ್ಯಳಿಗೆ ಎಟುಕುವಂಥದ್ದಲ್ಲ.

ಇಲ್ಲಿಯ ಪಾಠಕ್ರಮದ ಬಗೆಗೂ ಒಬ್ಬ ಶಿಕ್ಷಕಿಯಾಗಿ ಮೆಚ್ಚುಗೆಯ ಎರಡು ಮಾತು ಹೇಳದಿದ್ದರೆ ಕೃತಘ್ನಳಾದೇನು. ಹೊಸದಾಗಿ ಸೇರಿದವರು ಮೊದಲ ದಿನವೇ ತಮಗೆ 'ಸಲಾಮಿ' ಕೊಡಬೇಕೆಂಬುದು ಇಲ್ಲಿಯ ನಿಯಮ: ತಮ್ಮನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಮೇತ್ರಿಯವರು ಕಾಯಿ ಒಡೆಯುತ್ತಾರೆ, ಬಂದವರ ಮೈತೂಕ ಎಷ್ಟಿದೆಯೋ ಅಷ್ಟೇ ತೂಕವನ್ನು ತಮಗೆ ಏರಿಸುತ್ತಾರೆ, ಅದನ್ನು ಎಲ್ಲರೆದುರು ಎತ್ತಬೇಕು, ಎತ್ತಿದವರ ಹೆಗಲಿಗೆ ಕೆಂಪು ಟಾವೆಲ್ ಬೀಳುತ್ತದೆ. ಒಂದನೆಯ ತರಗತಿಗೆ ಕಾಲಿಟ್ಟ ಮಗುವಿನ ಕೈಗೆ ಪಾಟಿ ಕೊಡುವ ಮೊದಲೇ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೊಡುವ ಈ ಕ್ರಮ ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಹಳಹಳಿಸುತ್ತೇನೆ. ಹೊಳೆದಿದ್ದರೆ ಮೂವತ್ತೇಳು ವರ್ಷ ಅಕ್ಷರ ತಿದ್ದಿಸುವ ಶ್ರಮ ಉಳಿಯುತ್ತಿತ್ತು. ಎರಡನೆಯ ದಿನದ ಪಾಠ ಏನಿರುತ್ತದೆಂದು ನಾನು ಹಲವರನ್ನು ವಿಚಾರಿಸಿದೆ. ಖಚಿತವಾಗಿ ಹೇಳಬಲ್ಲವರು ಸಿಗಲಿಲ್ಲ, ಏಕೆಂದರೆ ಸಲಾಮಿ ಕೊಟ್ಟವರಲ್ಲಿ ಬಹಳ ಜನ ಎರಡನೆಯ ದಿನ ಹಾಸಿಗೆಯಿಂದ ಎದ್ದಿರಲಿಲ್ಲ.

ಶ್ರೀ ಚಂದಪ್ಪನವರು ತಮಗೆ ನೆನಪಿರಬಹುದು. ಇಂಡಿಯಿಂದ ಹಲಸಂಗಿಗೆ ಟೆಂಪೊ ಓಡಿಸುವವರು, ಎರಡು ಮಕ್ಕಳ ತಂದೆ, ಸಂಕ್ರಮಣದ ಮರುವಾರ ಸಲಾಮಿ ಕೊಡಲು ಬಂದು, ತಮ್ಮನ್ನು ಹೆಗಲ ಮೇಲೆ ಹೊತ್ತು ಬೈಠಕ್‌ಗೆ ಕುಳಿತರು, ಕುಳಿತವರು ಏಳಲಿಲ್ಲ. ಆಚೆ ಈಚೆ ನಿಂತು ಹಿಡಿಯಬೇಕಾಗಿದ್ದ ಇಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದರು. ಹೆಂಗಸರ ತರಬೇತಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದ ನನಗೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ಅಣ್ಣಾ, ಇದನ್ನ ಹಿಂದ ಬಿಡ್ಲ್ಯಾ?" ಎಂದು ಚಂದಪ್ಪನವರು ಕೆಳಗಿನಿಂದ ಬಹಳ ಮರ್ಯಾದೆಯಿಂದ ಕೇಳಿದರು. "ಏ, ಹುಚ್ಚಾ! ಬಿಟ್ಟಿ ಅಂದ್ರ ನೋಡು ಮತ್ತ! ಪೂಜಿ ಆಗೇತಿ ಅದಕ್ಕ! ದಮ್ ಹಿಡಿ, ಏಳು!" ಎಂದು ಮೇತ್ರಿಯವರು ಪ್ರೋತ್ಸಾಹಿಸಿದರು. ಕೈಬಿಟ್ಟು ಒಂದು ಹೆಜ್ಜೆ ಮುಂದೆ ಜಿಗಿದಿದ್ದರೆ ಮುಗಿಯುತ್ತಿದ್ದ ಆ ಪ್ರಸಂಗವನ್ನು ಚಂದಪ್ಪನವರು ನಾನು ನಲವತ್ತು ಎಣಿಸುವವರೆಗೆ ಹಿಡಿದುಕೊಂಡರು. ಕೊನೆಗೆ ತಮಗೆ ನೋವಾಗದಂತೆ ತಮ್ಮನ್ನು ಬಲಗಡೆಗೆ ಮೆಲ್ಲಗೆ ವಾಲಿಸಿ, ಸ್ವತಃ ಎಡಗಡೆಗೆ ತಿರುಚಿಕೊಂಡು ಮಲಗಿದರು. ಮೇತ್ರಿಯವರು ಓಡಿ ಬಂದರು. ಮೊದಲು ತಮ್ಮನ್ನು ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಎಲ್ಲಿಯಾದರೂ ಬಾಗಿದೆಯೇ ಎಂದು ನೋಡಿದರು. ಆಮೇಲೆ ಚಂದಪ್ಪನವರನ್ನು ನೋಡಿದರು. ತಾವು ಬಾಗಿರಲಿಲ್ಲ. ಟೊಂಕದ ನರ ಒತ್ತಿಕೊಂಡಿದೆ, ಅರ್ಧ ತಾಸಿಗಿಂತ ಹೆಚ್ಚು ಕೂಡಬಾರದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ಕೂತೇ ಮಾಡುವ ಕೆಲಸದವರಾದ ಚಂದಪ್ಪನವರು ಈಗ ತಮ್ಮದೇ ಟೆಂಪೊದ ಹಿಂಬಾಗಿಲಲ್ಲಿ ನಿಂತು "ಹಲಸಂಗಿ, ಹಲಸಂಗಿ" ಎಂದು ಕೂಗುತ್ತಾರೆ. ಟೆಂಪೊವನ್ನು ಬೇರೆಯವರು ಓಡಿಸುತ್ತಾರೆ.

ಇನ್ನು ನಸ್ರೀನಳ ಅಪರಾಧದ ವಿವರ. ಅವಳು ಮೂರನೆಯ ತರಗತಿಯನ್ನು ನನ್ನ ಕೈಯಲ್ಲಿ ಓದಿದವಳಾದ್ದರಿಂದ ಏಕವಚನ ಬಳಸುತ್ತಿದ್ದೇನೆ; ಭಾರ ಎತ್ತುವುದನ್ನು ನಾನು ಅವಳ ಕೈಯಲ್ಲಿ ಕಲಿತವಳಾದ್ದರಿಂದ ಮನಸ್ಸಿನಲ್ಲಿ ಬಹುವಚನವೇ ಇದೆ. ವಿಶ್ವವಿದ್ಯಾಲಯದ ತಂಡದಲ್ಲಿ ಮೂರು ವರ್ಷ ಭಾರ ಎತ್ತಿ, ತರಬೇತಿಯ ಪರೀಕ್ಷೆಯನ್ನೂ ಪಾಸು ಮಾಡಿ ಬಂದ ಅವಳು, ಮುಂಜಾನೆ ಹತ್ತೂವರೆಗೆ ಹೆಂಗಸರಾದ ನಮಗೆ ಹನ್ನೊಂದು ಜನಕ್ಕೆ ಕಲಿಸುತ್ತಿದ್ದಳು. ಎಲುಬು ಸವೆಯುತ್ತಿವೆ, ಸ್ವಲ್ಪ ಭಾರ ಎತ್ತುವುದನ್ನು ರೂಢಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಕ್ಕೆ ಅರವತ್ತಮೂರನೆಯ ವಯಸ್ಸಿನಲ್ಲಿ ಸೇರಿದ ನಾನು, ಮೊದಲ ದಿನವೇ ಸೆರಗು ಸಿಕ್ಕಿಸಿಕೊಂಡು ತಮ್ಮ ಕಡೆ ನಡೆದಾಗ ಅವಳು ಅಡ್ಡ ಬಂದು, ಅರಿವೆ ಒಣಹಾಕುವ ಬಿದಿರಿನ ಗಳವೊಂದನ್ನು ನನ್ನ ಕೈಗೆ ಕೊಟ್ಟಳು. ಹದಿನೈದು ದಿನ ಗಳವೇ. ಬೆನ್ನು ಬಾಗಿದರೆ ಗಳ, ಮೊಣಕಾಲು ಒಳಗೆ ಬಂದರೆ ಗಳ, ಉಸಿರು ತಪ್ಪಿದರೆ ಮತ್ತೆ ಮೊದಲಿನಿಂದ ಗಳ. ನನಗೆ ಸಿಟ್ಟು ಬಂದು, ಈ ಗಳ ಎತ್ತಲು ನನ್ನ ಮನೆಯ ಅಂಗಳವೇ ಸಾಕಿತ್ತು ಎಂದೆ. ಅವಳು, "ಅಕ್ಕೋರ, ನನಗ ಕಾಪಿ ಬರಿಸಿದಾಗ ಒಂದ ಅಕ್ಷರ ಎಷ್ಟ ಸಲ ತಿದ್ದಿಸಿದ್ರಿ? ನಾ ಏನರ ಅಂದ್ನ್ಯಾ?" ಎಂದಳು. ನಾನು ಮತ್ತೆ ಗಳ ಎತ್ತಿದೆ.

ಗಳದ ಪಾಠ ಮುಗಿದ ಮೇಲೂ ಅವಳು ಎತ್ತಲು ಬಿಡಲಿಲ್ಲ. "ಮೊದ್ಲ ಒಗಿಯೋದು ಕಲೀರಿ, ಆಮ್ಯಾಲ ಎತ್ತೋದು" ಎಂದು, ಗೈಬುಸಾಬರ ಪಂಕ್ಚರ್ ಅಂಗಡಿಯಿಂದ ತಂದ ಟ್ರ್ಯಾಕ್ಟರ್ ಟೈರಿನ ಎರಡು ದಪ್ಪ ಹಾಸುಗಳನ್ನು ನೆಲಕ್ಕೆ ಹಾಸಿ, ಕೈ ಯಾವಾಗ ಬಿಚ್ಚಬೇಕು, ಭಾರ ಮುಂದೆ ಬಿದ್ದರೆ ಹಿಂದೆ ಹೇಗೆ ಸರಿಯಬೇಕು, ಹಿಂದೆ ಬಿದ್ದರೆ ಮುಂದೆ ಹೇಗೆ ಜಿಗಿಯಬೇಕು ಎಂದು ಒಂದು ವಾರ ಅದನ್ನೇ ಮಾಡಿಸಿದಳು. ತಮ್ಮ ಪೂಜ್ಯತೆಗೆ ಧಕ್ಕೆಯಾಗದಿರಲೆಂದು ಆ ವಾರವೆಲ್ಲ ಮೂಲೆಯಲ್ಲಿದ್ದ ಪೂಜೆಯಾಗದ ಸಣ್ಣ ರಾಡನ್ನು ಬಳಸಿದೆವು. ನಾನು ಹನ್ನೆರಡು ಸಲ ಒಗೆದೆ. ನಿವೃತ್ತಿಯ ನಂತರ ನನಗೆ ಇಷ್ಟು ಸಂತೋಷವಾದದ್ದು ಇನ್ನೊಂದಿಲ್ಲವೆಂದು ತಮ್ಮಲ್ಲಿ ಮಾತ್ರ ಹೇಳಿಕೊಳ್ಳುತ್ತಿದ್ದೇನೆ.

ಕಳೆದ ಬುಧವಾರ ಸಣ್ಣ ರಾಡು ಬೆಸುಗೆಗೆ ಹೋಗಿದ್ದರಿಂದ ತಮ್ಮನ್ನೇ ಮುಟ್ಟಬೇಕಾಯಿತು. ಪೊಲೀಸ್ ಭರ್ತಿಗೆ ತಯಾರಾಗುತ್ತಿರುವ ಇಪ್ಪತ್ತೆರಡರ ಪಲ್ಲವಿ ತಮ್ಮನ್ನು ತಲೆಯ ಮೇಲಕ್ಕೆ ಎತ್ತಿದಾಗ ಅವಳ ಎಡ ಮಣಿಕಟ್ಟು ಹಿಂದಕ್ಕೆ ಮಡಚಿತು. "ಬಿಡು!" ಎಂದು ನಸ್ರೀನ ಕೂಗಿದಳು. ಪಲ್ಲವಿ ಕೈ ಬಿಚ್ಚಿ ಹಿಂದೆ ಸರಿದಳು. ತಾವು ಬಿದ್ದಿರಿ. ಎಡತುದಿ ಟೈರಿನ ಹಾಸಿನ ಮೇಲೆ ಬಿದ್ದು ಸುಮ್ಮನಾಯಿತು. ಬಲತುದಿಯ ಕೆಳಗಿನ ಹಾಸನ್ನು, ಕಾಯಿ ಒಡೆಯುವ ಕಲ್ಲು ಇಡಲು ಜಾಗ ಬೇಕೆಂದು ಅಂದು ಬೆಳಿಗ್ಗೆ ಸ್ವತಃ ಮೇತ್ರಿಯವರೇ ಸರಿಸಿದ್ದರಿಂದ, ಒಂದು ಟೈಲ್ಸ್ ಸೀಳಿತು. ಪಲ್ಲವಿಯ ಕೈಗೆ, ಕುತ್ತಿಗೆಗೆ, ಕಾಲಿಗೆ ಒಂದು ಗೀರೂ ಆಗಿರಲಿಲ್ಲ. ಈ ಕೊನೆಯ ಸಂಗತಿಯನ್ನು ಯಾರೂ ಗಮನಿಸಲಿಲ್ಲ. ಮೇತ್ರಿಯವರು ಸೀಳಿದ ಟೈಲ್ಸಿನ ಎದುರು ಕುಕ್ಕರುಗಾಲಲ್ಲಿ ಕುಳಿತು, "ಎತ್ತಾಕ ಬಂದೋರಿಗೆ ಒಗಿಯೋದು ಕಲಸಾಕತ್ತಾಳ ಈಕಿ! ನಾಳಿಂದ ಬರಬ್ಯಾಡ ತಂಗಿ" ಎಂದರು. ನಸ್ರೀನ ಪಲ್ಲವಿಯ ಮಣಿಕಟ್ಟನ್ನು ಎರಡು ಸಲ ತಿರುಗಿಸಿ ನೋಡಿ, ಗಳವನ್ನು ಗೋಡೆಗೆ ಆನಿಸಿ ಹೋದಳು.

ಮೇತ್ರಿಯವರು ಕೆಟ್ಟವರಲ್ಲವೆಂದು ನಾನು ತಮಗೆ ಹೇಳಬೇಕಾದ್ದಿಲ್ಲ. ಅವರ ತಂದೆ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು. ಮೊದಲ ದಿನವೇ ಬೆನ್ನಿಗೆ ಪೂರ್ತಿ ಚೀಲ ಜೋಳ ಹೇರಿಸಿಕೊಂಡು, ಇಳಿಸುವುದು ಹೇಗೆಂದು ಯಾರೂ ಹೇಳಿಕೊಡದೆ, ಐವತ್ತಕ್ಕೇ ಗೂನಾಗಿ ನಡೆಯುತ್ತಿದ್ದುದನ್ನು ಊರಿನವರೆಲ್ಲ ನೋಡಿದ್ದಾರೆ. ಹೊತ್ತವನು ಕೈಬಿಡಬಾರದು ಎಂಬುದನ್ನು ಮಗ ಅಲ್ಲಿಂದ ಕಲಿತಿದ್ದಾರೆ. ಅದೇ ಬೆನ್ನನ್ನು ನೋಡಿ ಬೇರೆ ಪಾಠವನ್ನೂ ಕಲಿಯಬಹುದಿತ್ತು. ಕಲಿಸುವವರು ಇರಲಿಲ್ಲ, ಇದ್ದವಳನ್ನು ಬುಧವಾರ ಕಳಿಸಿಬಿಟ್ಟರು.

ಬೀಳುವುದು ತಮ್ಮಂಥವರಿಗೆ ಅಗೌರವವೇ ಎಂಬ ಪ್ರಶ್ನೆಗೆ ನನ್ನ ಸೇವಾವಧಿಯಿಂದ ಒಂದು ಆಧಾರ ಕೊಡುತ್ತೇನೆ. ಮುದ್ದೇಬಿಹಾಳ ತಾಲ್ಲೂಕಿನಲ್ಲಿ ನಾನು ಆರು ವರ್ಷ ಇದ್ದ ಹಳ್ಳಿಯ ಹನುಮಪ್ಪನ ಗುಡಿಯ ಮುಂದೆ ಒಂದು ಗುಂಡುಕಲ್ಲು ಇತ್ತು. ಶನಿವಾರಕ್ಕೊಮ್ಮೆ ಅದಕ್ಕೂ ಎಣ್ಣೆ, ಅದಕ್ಕೂ ಕುಂಕುಮ. ಆದರೆ ಎತ್ತುವವನು ಅದನ್ನು ಎದೆಗೆ ತಂದು, ಹೆಗಲಿಗೇರಿಸಿ, ಎಲ್ಲರ ಎದುರಿಗೆ ಬೆನ್ನ ಹಿಂದೆ ಒಗೆಯುತ್ತಿದ್ದ. ಕಲ್ಲು ದೊಪ್ಪೆಂದು ಮಣ್ಣಿಗೆ ಬಿದ್ದ ಮೇಲೆಯೇ ಹಲಗೆ ಬಾರಿಸುತ್ತಿದ್ದರು. ಬೀಳದಿದ್ದರೆ ಎತ್ತಿದ ಲೆಕ್ಕವೇ ಇಲ್ಲ. ಆ ಕಲ್ಲು ಆರು ವರ್ಷದಲ್ಲಿ ಒಮ್ಮೆಯೂ ಮುನಿಸಿಕೊಂಡದ್ದನ್ನು ನಾನು ಕಾಣೆ. ಅದು ಬೀಳುತ್ತಿದ್ದುದು ಮಣ್ಣಿನ ಮೇಲೆ, ತಾವು ಬೀಳಬೇಕಾಗಿರುವುದು ಟೈಲ್ಸಿನ ಮೇಲೆ ಎಂಬ ವ್ಯತ್ಯಾಸ ನನಗೆ ಗೊತ್ತಿದೆ. ತಮ್ಮ ಪೂಜ್ಯತೆಯು ಟೈಲ್ಸಿನ ಹೊಳಪಿನಷ್ಟೇ ದಪ್ಪದ್ದು ಎಂದು ಜನ ಆಡಿಕೊಳ್ಳುವಂತಾಗಬಾರದೆಂಬುದೇ ನನ್ನ ಕಾಳಜಿ.

ಈಗಿನ ಪರಿಸ್ಥಿತಿಯನ್ನೂ ಅರಿಕೆ ಮಾಡುತ್ತೇನೆ. ನಸ್ರೀನ ತನ್ನ ಸೋದರಮಾವ ಶಮಶುದ್ದೀನರ ಲಿಂಬೆ ಅಂಗಡಿಯಲ್ಲಿ ದೊಡ್ಡವು ಸಣ್ಣವು ಬೇರೆ ಮಾಡುತ್ತ ಕೂತಿದ್ದಾಳೆ. ಹೇಗಿದ್ದೀ ಎಂದು ಕೇಳಿದ್ದಕ್ಕೆ, "ಆರಾಮ ಅದೀನ್ರಿ ಅಕ್ಕೋರ. ಇಲ್ಲಿ ಲಿಂಬಿಕಾಯಿ ಕೈ ಬಿಟ್ಟು ಬಿದ್ರ ಯಾರೂ ಬಯ್ಯಂಗಿಲ್ಲ" ಎಂದಳು, ಎನ್ನುವಾಗ ಕಣ್ಣು ಎತ್ತಲಿಲ್ಲ. ಹೆಂಗಸರ ತಂಡವನ್ನು ಮೇತ್ರಿಯವರೇ ವಹಿಸಿಕೊಂಡು, ಕನ್ನಡಿಯಲ್ಲಿ ಸ್ವಂತ ತೋಳು ನೋಡಿಕೊಳ್ಳುತ್ತ, ನಮ್ಮ ಕಡೆ ಬೆನ್ನು ಮಾಡಿ, "ದಮ್ ಹಿಡೀರಿ ಅವ್ವಾರ" ಎಂದು ಕಲಿಸುತ್ತಿದ್ದಾರೆ. ಟೈಲ್ಸಿನ ತಪ್ಪಿಗೆ ಪ್ರಾಯಶ್ಚಿತ್ತವೆಂದು ಪಲ್ಲವಿ ಬರುವ ಅಮಾವಾಸ್ಯೆಯ ದಿನ ಐವತ್ತೈದು ಕಿಲೊದ ಸಲಾಮಿ ಕೊಡಬೇಕೆಂದು ಹೇಳಿದ್ದಾರೆ. ಮಣಿಕಟ್ಟು ಇನ್ನೂ ಸೆಳೆಯುತ್ತದೆಂದು ಅವಳು ನನ್ನ ಬಳಿ ಹೇಳಿದಳು. ಅವರ ಬಳಿ ಹೇಳಲಿಲ್ಲ. ಕೈಬಿಡುವುದು ಗೊತ್ತಿರುವ ಹುಡುಗಿ ಅವಳು, ಆದರೆ ಮೂವತ್ತು ಮೊಬೈಲುಗಳ ಎದುರು, ಬಿಡು ಎಂದು ಕೂಗುವ ಒಂದು ದನಿ ಇಲ್ಲದೆ, ಬಿಡುತ್ತಾಳೆಂಬ ಭರವಸೆ ನನಗಿಲ್ಲ. ಅಮಾವಾಸ್ಯೆಗೆ ಇನ್ನು ಎಂಟು ದಿನ.

ಆದಕಾರಣ ತಾವು ದಯಮಾಡಿ ಬೀಳಲು ಒಪ್ಪಿರುವುದಾಗಿ ಒಂದು ಸಾಲು ಬರೆದುಕೊಡಬೇಕು. ಬರೆಯುವುದು ಕಷ್ಟವಾದರೆ ಹೆಬ್ಬೆಟ್ಟು ಸಾಕು. ಹೆಬ್ಬೆಟ್ಟು ಇಲ್ಲವಾದರೆ ತುದಿಯನ್ನೇ ಒತ್ತಬಹುದು, ಶಾಯಿಯ ಪ್ಯಾಡನ್ನು ನಾನು ತರುತ್ತೇನೆ. ಅದೂ ತಮ್ಮ ಘನತೆಗೆ ಸಲ್ಲದೆನಿಸಿದರೆ ಮೇತ್ರಿಯವರ ಕನಸಿನಲ್ಲಿ ಬಂದು ಶುದ್ಧ ಕನ್ನಡದಲ್ಲಿ ಹೇಳಬಹುದು. ಇವಾವುವೂ ಸಾಧ್ಯವಿಲ್ಲದಿದ್ದರೆ, ಹೊಸಬರ ಕೈಗೆ ಬಂದ ಮೊದಲ ತಿಂಗಳು ಬಿದಿರಿನ ಗಳದಷ್ಟು ಹಗುರವಾಗಿದ್ದು, ಅವರ ಬೆನ್ನು ನೆಟ್ಟಗಾದ ಮೇಲೆ ಸ್ವಲ್ಪಸ್ವಲ್ಪವಾಗಿ ಭಾರವಾಗುವ ಕೃಪೆ ತೋರಬೇಕು. ಕೈ ಸೋತಾಗ ನೆಲ ಮುಟ್ಟದೆ ಗಾಳಿಯಲ್ಲೇ ನಿಲ್ಲಬೇಕು. ಇಷ್ಟನ್ನು ತಾವು ನಡೆಸಿಕೊಟ್ಟರೆ ನಮಗೆ ನಸ್ರೀನಳ ಅಗತ್ಯವೇ ಬೀಳುವುದಿಲ್ಲ. ನಡೆಸಿಕೊಡಲಾಗದಿದ್ದರೆ ಅವಳು ಬೇಕೇ ಬೇಕು. ಮೂರನೆಯ ದಾರಿ ನನಗೆ ತೋರಲಿಲ್ಲ.

ಈ ಅರ್ಜಿಯನ್ನು ನಾಳೆ ಬೆಳಿಗ್ಗೆ ಜಿಮ್ಮಿನ ಸೂಚನಾ ಫಲಕಕ್ಕೆ ಹಚ್ಚಲಾಗುವುದು. ಏಳು ದಿನಗಳೊಳಗೆ ತಮ್ಮಿಂದ ಆಕ್ಷೇಪಣೆ ಬಾರದಿದ್ದರೆ ತಾವು ಬೀಳಲು ಒಪ್ಪಿದ್ದೀರೆಂದು ಭಾವಿಸಲಾಗುವುದೆಂದು ಸವಿನಯವಾಗಿ ತಿಳಿಸುತ್ತೇನೆ. ಆ ಏಳು ದಿನವೂ ಹನ್ನೊಂದು ಜನ ಹೆಂಗಸರು ಸರದಿಯ ಮೇಲೆ ತಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು, ತಾವು ಏನಾದರೂ ಹೇಳುತ್ತೀರೋ ಎಂದು ಕಿವಿಗೊಟ್ಟು ಕೂಡಲಿದ್ದಾರೆ. ತಾವು ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಇನ್ನೂರು ಪುಟದ ನೋಟುಬುಕ್ ಕೊಟ್ಟಿದ್ದೇನೆ.

ತಮ್ಮ ಭಾರವನ್ನು ಅರಿತಿರುವ,
ತಮ್ಮ ವಿಶ್ವಾಸಿ
ದುರ್ಗವ್ವ ಲಕ್ಷ್ಮಣ ಸಿಂಗೆ

ತಾ.ಕ.: ತಾವು ಓದು ಬಲ್ಲವರಲ್ಲವಾದ್ದರಿಂದ ಈ ಪತ್ರವನ್ನು ಮೇತ್ರಿಯವರೇ ಎಲ್ಲರೆದುರು ತಮಗೆ ಗಟ್ಟಿಯಾಗಿ ಓದಿ ಹೇಳಬೇಕಾಗುತ್ತದೆ. ಅವರು ಚಂದಪ್ಪನವರ ಭಾಗಕ್ಕೆ ಬಂದಾಗ ಸಾಲು ಹಾರಿಸುವ ಸಂಭವವಿದೆ. ಸಾಲು ಹಾರಿಸಿದವರಿಂದ ಮೊದಲಿನಿಂದ ಓದಿಸುವುದು ನನ್ನ ರೂಢಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಲಗತ್ತುಗಳು:
1. ಕುಮಾರಿ ನಸ್ರೀನಳ ತರಬೇತಿ ಪ್ರಮಾಣಪತ್ರದ ದೃಢೀಕೃತ ನಕಲು.
2. ಶ್ರೀ ಚಂದಪ್ಪನವರ ಟೊಂಕದ ಬಗ್ಗೆ ಡಾಕ್ಟರ ಚೀಟಿ, ಮತ್ತು ಅಂದಿನ ವಿಡಿಯೊದಿಂದ ತೆಗೆದ ಒಂದು ಚಿತ್ರ (ಅದರಲ್ಲಿ ಮೇತ್ರಿಯವರು ತಮ್ಮನ್ನು ಪರೀಕ್ಷಿಸುತ್ತಿದ್ದಾರೆ, ಚಂದಪ್ಪನವರ ಕಾಲು ಮಾತ್ರ ಕಾಣುತ್ತದೆ).
3. ಹನ್ನೊಂದು ಜನ ಹೆಂಗಸರ ರುಜುಗಳು. ಹನ್ನೊಂದನೆಯದು ಎಡಗೈಯಲ್ಲಿ ಬರೆಯುವ ಪಲ್ಲವಿಯದು, ಈ ಸಲ ಬಲಗೈಯಿಂದ ಮಾಡಿದ್ದು.
4. ಬಲಗಡೆಯ ಟೈರಿನ ಹಾಸು ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಎಂಬುದರ ನಕ್ಷೆ, ಅಳತೆ ಸಹಿತ.
5. ಪಲ್ಲವಿಯ ಸಲಾಮಿಯನ್ನು ರದ್ದುಪಡಿಸಿ ನಸ್ರೀನಳನ್ನು ಮರಳಿ ಕರೆಸುವ ಆದೇಶ, ದುಂಡಗಿನ ಅಕ್ಷರದಲ್ಲಿ ನಾನೇ ಬರೆದು ಸಿದ್ಧಪಡಿಸಿದ್ದು. ಮಾಲೀಕರ ರುಜುವಿನ ಜಾಗ ಖಾಲಿ ಇದೆ. ಪೆನ್ನನ್ನು ದಾರದಿಂದ ಕಟ್ಟಿದ್ದೇನೆ.